ಎಣ್ಣೆ ಕುಡಿದ ಕಲ್ಲು

ಎಲ್ಲವನ್ನೂ ನೋಡುತ್ತಿರುವವನನ್ನು ಮೊದಲು ನೆನೆದು ಆಮೇಲೆ ನಮ್ಮೂರಿನ ಮಾತಿಗೆ ಬರುತ್ತೇನೆ. ಅವನು ನೋಡುತ್ತಾನೆ, ಆದರೆ ಇಣುಕುವುದಿಲ್ಲ. ಇಣುಕುವವರು ನಾವು.

ನಮ್ಮೂರು ಬಂಡೆಗಳ ಬೆಟ್ಟದ ಮೇಲಿದೆ. ಊರ ಸುತ್ತ ಕಲ್ಲಿನ ಗೋಡೆ. ಗೋಡೆಯ ತೆಂಕಣ ದಿಕ್ಕಿಗೆ ಹೆಬ್ಬಾಗಿಲು. ಅಲ್ಲಿ ಬಂದವರಿಗೆಲ್ಲ ಕಾವಲಿನವರು ಮೂರು ಪ್ರಶ್ನೆ ಕೇಳುತ್ತಾರೆ: ಯಾರು ನೀನು, ಯಾರ ಕಡೆಯವನು, ಯಾಕೆ ಬಂದೆ. ಮೂರಕ್ಕೂ ಉತ್ತರ ಇದ್ದವರು ಒಳಗೆ, ಇಲ್ಲದವರು ಬಂದ ದಾರಿಗೆ. ಬಡಗಣ ದಿಕ್ಕಿಗೆ ಒಂದು ದಿಡ್ಡಿ, ಅಂದರೆ ಒಬ್ಬ ಮನುಷ್ಯ ತಲೆ ಬಗ್ಗಿಸಿ ದಾಟಬಹುದಾದ ಪುಟ್ಟ ಬಾಗಿಲು. ಅದು ತೆರೆದದ್ದನ್ನು ನಾನು ಕಂಡಿಲ್ಲ, ನನ್ನಜ್ಜ ಕಂಡಿಲ್ಲ, ಅಜ್ಜನ ಅಜ್ಜನೂ ಕಂಡಿಲ್ಲ. ದಿಡ್ಡಿಯ ಒಳಮಗ್ಗುಲಿಗೆ ಒಂದು ದೊಣೆ. ಬಂಡೆಯ ಸೀಳಿನಲ್ಲಿ ತಾನಾಗಿ ನಿಂತ ನೀರು. ಯಾವ ಬೇಸಿಗೆಗೂ ಅದು ಬತ್ತಿದ್ದಿಲ್ಲ. ದೊಣೆಯ ಪಕ್ಕದಲ್ಲಿ ಕಲ್ಲು.

ಆ ಕಲ್ಲಿಗೆ ಎಣ್ಣೆ ಹಾಕುವುದು ನಮ್ಮ ಮನೆತನದ ಕೆಲಸ. ಅದಕ್ಕೇ ಊರವರು ನನ್ನನ್ನು ಎಣ್ಣೆಯಯ್ಯ ಎನ್ನುತ್ತಾರೆ. ದಿನಾ ಬೆಳಗ್ಗೆ ಮಿಂದು, ಹರಳೆಣ್ಣೆಗೆ ದೀಪದ ಕಾಡಿಗೆ ಕಲೆಸಿ, ಕಲ್ಲಿನ ಎದೆಮಟ್ಟಕ್ಕೆ ಮೂರು ಅಂಗೈ ಎಣ್ಣೆ ಹಾಕಿ ತಿಕ್ಕುತ್ತೇನೆ. ಒಂದು ಅಂಗೈ ಹೋದವರಿಗೆ. ಒಂದು ಅಂಗೈ ಇರುವವರಿಗೆ. ಒಂದು ಅಂಗೈ ಬರುವವರಿಗೆ. ಕಲ್ಲು ಕುಡಿಯುತ್ತದೆ, ಮರುದಿನ ಮತ್ತೆ ಬಾಯಾರಿ ನಿಂತಿರುತ್ತದೆ.

ನಮಗೆ ಹಿರಿಯರು ಹೇಳಿಕೊಟ್ಟ ಕಥೆ ಇಷ್ಟು. ಹಿಂದೊಂದು ಕಾಲದಲ್ಲಿ ಹಗೆಗಳು ಕೋಟೆಯನ್ನು ಮುತ್ತಿದರು. ಒಳಗಿನವನೊಬ್ಬ ದಿಡ್ಡಿ ತೆರೆದ. ಕೋಟೆ ಬಿತ್ತು. ಆ ದ್ರೋಹಿಯ ಹೆಸರು ಕಲ್ಲಿನಲ್ಲಿದೆ, ಅವನು ಪಾತಾಳದಲ್ಲಿ ತಲೆಕೆಳಗಾಗಿ ನೇತಾಡುತ್ತಿರುವ ಚಿತ್ರವೂ ಇದೆ. ಎಣ್ಣೆಯ ಪದರದ ಮೇಲೆ ಕೈಯಾಡಿಸಿದರೆ ಗೊತ್ತಾಗುತ್ತದೆ: ಮೇಲ್ಗಡೆ ಎರಡು ಪಾದ, ಕೆಳಗಡೆ ಒಂದು ತಲೆ, ಬಾಗಿಲಿನ ಮೇಲೆ ಒಂದು ಕೈ. ಅವನ ಉರಿ ಊರಿಗೆ ತಟ್ಟದಿರಲಿ ಎಂದು ಎಣ್ಣೆ. ಹೆಸರನ್ನು ಮಾತ್ರ ಓದಿದವರಿಲ್ಲ. ಕೈ ತಿಕ್ಕುವ ಎದೆಮಟ್ಟವೊಂದು ಬಿಟ್ಟು ಉಳಿದ ಕಡೆಯೆಲ್ಲ ಎಣ್ಣೆ ಒಣಗಿ ಒಣಗಿ ಎರಡು ಬೆರಳು ದಪ್ಪ ಕೂತಿದೆ. ಆದ್ದರಿಂದ ಅವನು ಯಾವ ಮನೆಯ ಮೂಲಪುರುಷನೋ ಯಾರಿಗೂ ಗೊತ್ತಿಲ್ಲ. ನಿಮ್ಮ ಮನೆಯವನಿರಬಹುದು. ನಮ್ಮ ಮನೆಯವನೂ ಇರಬಹುದು. ಹೀಗೆ ಹೇಳುವಾಗ ಎಲ್ಲರೂ ‘ನಿಮ್ಮ’ ಎಂಬಲ್ಲಿ ಸ್ವಲ್ಪ ಜೋರಾಗಿ, ‘ನಮ್ಮ’ ಎಂಬಲ್ಲಿ ಸ್ವಲ್ಪ ಮೆಲ್ಲಗೆ ಹೇಳುತ್ತಾರೆ.

ಅದಕ್ಕಾಗಿ ಒಂದು ನಿಯಮ. ಬಿಸಿಲು ಬಲಿತ ತಿಂಗಳ ಒಂದು ದಿನ, ಒತ್ತುವ ದಿನ ಎಂದು ಅದರ ಹೆಸರು, ದಿಡ್ಡಿಯ ಮೇಲೆ ಹೊಸ ಕೆಮ್ಮಣ್ಣು ಮೆತ್ತುತ್ತಾರೆ. ನಡುಹಗಲಿಗೆ ಮನೆಗೊಬ್ಬರಂತೆ ಬಂದು ಹಸಿಮಣ್ಣಿನ ಮೇಲೆ ಬಲಗೈ ಒತ್ತುತ್ತಾರೆ. ಇಳಿಹೊತ್ತಿಗೆ ನೋಡುತ್ತಾರೆ. ಯಾವ ಅಂಗೈ ಗುರುತು ಬಿರಿದಿದೆಯೋ, ಆ ವರ್ಷ ಆ ಮನೆ ಬಾಗಿಲು ತೆರೆದವನ ಮನೆ. ಆ ಮನೆಯ ಕದಗಳನ್ನು ಕಳಚಿ ಗುಡಿಯಲ್ಲಿ ಇಡುತ್ತಾರೆ. ಒಂದು ವರ್ಷ ಆ ಮನೆಯವರು ಕದವಿಲ್ಲದೆ ಬಾಳಬೇಕು. ಹೋಗುವವರು ಬರುವವರು ಇಣುಕಿ ನೋಡಬೇಕು. ನೋಡುವುದು ಅಪಚಾರವಲ್ಲ, ನೋಡದಿರುವುದೇ ಅಪಚಾರ. ಮೂರು ವರ್ಷ ಒಂದೇ ಮನೆಯ ಕೈ ಬಿರಿದರೆ ಮಾತು ಮುಗಿಯಿತು. ಅಂಥವರು ಹೆಬ್ಬಾಗಿಲು ದಾಟುವಂತಿಲ್ಲ. ಅವರನ್ನು ಬುಟ್ಟಿಯಲ್ಲಿ ಕೂರಿಸಿ, ಹಗ್ಗ ಕಟ್ಟಿ, ಗೋಡೆಯಾಚೆ ಇಳಿಸುವುದು. ಆಚೆ ಬರೀ ಬಂಡೆ, ಅದರಾಚೆ ಬಯಲು. ಇಳಿದವರು ತಿರುಗಿ ಬಂದದ್ದಿಲ್ಲ.

ಹಸಿಮಣ್ಣಿನ ದಿನವೊಂದನ್ನು ಬಿಟ್ಟು ಉಳಿದ ದಿನ ದಿಡ್ಡಿಯನ್ನು ಮುಟ್ಟುವಂತಿಲ್ಲ. ಮುಟ್ಟಿದವನೇ ತೆರೆದವನು. ಮುಟ್ಟಿದವನನ್ನು ಮುಟ್ಟಿದವನೂ ತೆರೆದವನೇ.

ನನ್ನ ಕೈ ಒಂದು ವರ್ಷವೂ ಬಿರಿದದ್ದಿಲ್ಲ. ನನ್ನಪ್ಪನದೂ ಇಲ್ಲ. ದೇವರ ಸೇವೆ ಮಾಡುವ ಕೈಯನ್ನು ದೇವರೇ ಕಾಯುತ್ತಾನೆ ಎಂದು ನಂಬಿದ್ದೆ. ಪ್ರತಿ ಸಲ ಇಳಿಹೊತ್ತಿಗೆ ನನ್ನ ಅಂಗೈ ಗುರುತು ಹೊಸ ಎಲೆಯ ಹಾಗೆ ನಯವಾಗಿರುವುದನ್ನು ಕಂಡು ಕಣ್ಣು ತುಂಬಿ ಬರುತ್ತಿತ್ತು.

ಮಡಕೆ ಮಾಡುವ ಒಬ್ಬಳ ಕೈ ಎರಡು ವರ್ಷದಿಂದ ಬಿರಿಯುತ್ತಿತ್ತು. ಗಂಡ ತೀರಿಹೋಗಿದ್ದ. ಮನೆಯಲ್ಲಿ ಅವಳು, ಅವಳ ಅತ್ತೆ, ಒಂದು ಚಕ್ರ, ಮಡಕೆ ಸುಡುವ ಒಂದು ಆವಿಗೆ. ಅವಳದು ಮಾತು ಕಡಿಮೆ. ಅತ್ತೆ ಹಾಗಲ್ಲ. ಕದವಿಲ್ಲದ ಹೊಸ್ತಿಲಲ್ಲಿ ಕಾಲು ಚಾಚಿ ಕೂತು, ಇಣುಕಿದವರನ್ನೆಲ್ಲ ಮಾತಾಡಿಸುತ್ತಿದ್ದಳು.

“ಏನಪ್ಪಾ, ಅಷ್ಟು ದೂರದಿಂದ ಏನು ಕಾಣುತ್ತೆ? ಒಳಗೇ ಬಾ. ಸಾರಿಗೆ ಉಪ್ಪು ಸರಿಯಾಗಿದೆಯಾ ನೋಡಿ ಹೇಳು.”

ಹೂವಿನವಳು ಬುಟ್ಟಿ ಹೊತ್ತು ದಿನಾ ಎರಡು ಸಲ ಆ ಬೀದಿಯಲ್ಲಿ ಬರುತ್ತಿದ್ದಳು, ಒಂದು ಸಲ ಹೂ ಮಾರಲು, ಒಂದು ಸಲ ನಿಯಮಕ್ಕೆ. “ನಿನ್ನ ಸೊಸೆ ನಿನ್ನೆ ಸಂಜೆ ಗೋಡೆ ಕಡೆ ಹೋಗಿದ್ದಳಂತೆ, ಅಜ್ಜಿ.”

“ಮಣ್ಣು ತರೋಕೆ ಹೋಗಿದ್ದಳು. ಮಡಕೆ ಗಾಳಿಯಲ್ಲಿ ಮಾಡ್ತಾರಾ?”

“ಮಣ್ಣಿಗೇ ಹೋಗಿರಬೋದು. ನಾನೇನೂ ಅನ್ನಲಿಲ್ಲಪ್ಪ.”

“ನೀನು ಯಾವತ್ತು ಏನು ಅಂದೀಯಾ ತಾಯಿ. ನಿನ್ನ ಬಾಯಲ್ಲಿ ಮಾತಾಡೋದೆಲ್ಲ ಬೇರೆಯವರು.”

ಮೂರನೆಯ ವರ್ಷದ ಒತ್ತುವ ದಿನ ಹತ್ತಿರವಾಗುತ್ತಿತ್ತು. ಬುಟ್ಟಿ ಹೆಣೆಯುವವನಿಗೆ ಯಾರೂ ಹೇಳಿರಲಿಲ್ಲ, ಆದರೂ ಅವನ ಅಂಗಳದಲ್ಲಿ ಇಬ್ಬರು ಕೂರುವಷ್ಟು ಅಗಲದ ಒಂದು ಬುಟ್ಟಿಯ ತಳ ಹೆಣೆದು ಬಿದ್ದಿತ್ತು. ಯಾಕೆ ಎಂದು ಕೇಳಿದರೆ, “ಹುಲ್ಲು ತುಂಬೋಕೆ” ಎನ್ನುತ್ತಿದ್ದ. ಆ ಮುದುಕಿಯ ಮೂಳೆಗಳು ಬಂಡೆ ಇಳಿಯುವ ಮೂಳೆಗಳಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ದೇವರೇ, ಈ ಸಲ ಆ ಕೈ ಬಿರಿಯದಿರಲಿ ಎಂದು ನಾನು ಎಣ್ಣೆ ಹಾಕುವಾಗ ಬೇಡಿಕೊಂಡೆ. ಬೇಡಿಕೊಳ್ಳುವಾಗಲೇ, ಬಿರಿದರೆ ದ್ರೋಹಿ ಯಾರ ಮನೆಯವನು ಎಂಬ ಸಂಶಯವಾದರೂ ತೀರಿತಲ್ಲ ಎಂದು ಮನಸ್ಸಿನ ಒಂದು ಮೂಲೆ ಅಂದಿತು. ಅದನ್ನೂ ಅವನ ಮುಂದೆ ಇಟ್ಟೆ. ಅವನಿಗೆ ಗೊತ್ತಿಲ್ಲದ್ದೇನಿದೆ.

ಆಗ ಬಂದವಳು ಅಚ್ಚಿನವಳು.

ಹೆಬ್ಬಾಗಿಲಿನ ಮೂರು ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಒಂದೇ: “ಕಲ್ಲಿನ ಮೇಲಿನ ಅಕ್ಷರದ ಅಚ್ಚು ತೆಗೆಯುವವಳು ನಾನು.” ಕಾವಲಿನವರು ಗೊಂದಲಕ್ಕೆ ಬಿದ್ದು, ಅವಳನ್ನು ಬೀಗದ ಯಜಮಾನನ ಹತ್ತಿರ ಕಳಿಸಿದರು. ಬೀಗದ ಯಜಮಾನ ಎಂದರೆ ಊರಿನ ದೊಡ್ಡವನು. ದಿಡ್ಡಿಯ ಬೀಗದ ಕೈ ಅವನ ಸೊಂಟದಲ್ಲಿರುತ್ತದೆ. ಮೊಳಕೈ ಉದ್ದದ ಕಬ್ಬಿಣ. ಬೀಗವನ್ನು ಯಾರೂ ಕಂಡಿಲ್ಲ, ಮಣ್ಣಿನಡಿ ಇದೆ ಎಂದು ನಂಬಿಕೆ.

ಊರೆಲ್ಲ ದೊಣೆಯ ಬಳಿ ಸೇರಿತು. ಅವಳು ತನ್ನ ಚೀಲ ಬಿಚ್ಚಿ ತೋರಿಸಿದಳು: ದಪ್ಪ ಕಾಗದದ ಸುರುಳಿ, ಕುದುರೆಕೂದಲಿನ ಒಂದು ಬ್ರಷ್ಷು, ಒಂದು ಡಬ್ಬಿ ಕರಿಮಸಿ, ಬಟ್ಟೆಯ ಉಂಡೆ. “ಕಾಗದ ನೆನೆಸಿ ಕಲ್ಲಿಗೆ ಅಂಟಿಸ್ತೀನಿ. ಬ್ರಷ್ಷಿನಲ್ಲಿ ಬಡಿದರೆ ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತೆ. ಮೇಲೆ ಮಸಿ ತಟ್ತೀನಿ. ಕಲ್ಲೆಲ್ಲ ಕಪ್ಪಾಗುತ್ತೆ, ಉಳಿಗೆ ಸಿಕ್ಕು ನೊಂದ ಜಾಗ ಮಾತ್ರ ಬೆಳ್ಳಗೆ ಉಳಿಯುತ್ತೆ. ಅದೇ ಅಕ್ಷರ.”

“ನಿನ್ನನ್ನು ಯಾರು ಕಳಿಸಿದರು?” ಎಂದ ಬೀಗದ ಯಜಮಾನ.

“ಯಾರೂ ಇಲ್ಲ. ಕಲ್ಲಿದ್ದ ಕಡೆ ಹೋಗ್ತೀನಿ.”

“ಯಾರೂ ಕಳಿಸದೆ ಯಾರಾದರೂ ಬರ್ತಾರಾ?” ಎಂದು ಹೂವಿನವಳು ಪಕ್ಕದವಳ ಕಿವಿಗೆ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ.

ಬೀಗದ ಯಜಮಾನ ಊರಿನ ಮುಖ ನೋಡಿದ. ಹೆಸರು ಹೊರಬಂದರೆ ಯಾರ ಹೆಸರು ಬಂದೀತು ಎಂದು ಎಲ್ಲರಿಗೂ ಭಯ. ಬೇಡ ಎನ್ನುವುದಕ್ಕೂ ಯಾರಿಗೂ ಬಾಯಿ ಬರಲಿಲ್ಲ. ಬೇಡ ಎಂದವನ ಮನೆಯ ಹೆಸರೇ ಇದ್ದೀತಲ್ಲ. ಒಬ್ಬೊಬ್ಬರಾಗಿ ಎಲ್ಲರೂ “ಓದಲಿ, ಓದಲಿ, ನಮಗೇನು ಭಯ” ಎಂದರು. ನಾನೂ ಅಂದೆ.

ಎಣ್ಣೆಯ ಪದರ ತೆಗೆಯದೆ ಅಚ್ಚು ಬರುವುದಿಲ್ಲ ಎಂದಳು. ಮೂರು ದಿನ ಬೇಕು. ಮೂರನೆಯ ದಿನ ಒತ್ತುವ ದಿನ. ಅಷ್ಟು ದಿನ ಕಲ್ಲಿಗೆ ಎಣ್ಣೆ ಹಾಕುವಂತಿಲ್ಲ.

ನನ್ನ ಕೈಯನ್ನೇ ಕಡಿದುಕೊಡು ಎಂದು ಕೇಳಿದ ಹಾಗಾಯಿತು. ಆದರೂ ಅವನನ್ನು ನೆನೆದು, ಅಭ್ಯಂಜನದ ಮೇಲೆ ಸ್ನಾನವೂ ಒಂದು ಸೇವೆಯೇ ಅಲ್ಲವೆ ಎಂದುಕೊಂಡು, ನಾನೇ ಅಂಟುವಾಳದ ನೊರೆ ಮಾಡಿದೆ, ನಾನೇ ಬೂದಿನೀರು ಕಾಯಿಸಿದೆ. ಅವಳು ಬಿದಿರಿನ ಚಕ್ಕೆಯಿಂದ ಎಬ್ಬಿಸಿದಳು. ಪದರ ಪದರವಾಗಿ ಬಂತು, ಈರುಳ್ಳಿಯ ಸಿಪ್ಪೆ ಬಂದ ಹಾಗೆ. ಇದು ನನ್ನದು, ಇದು ಅಪ್ಪನದು, ಇದು ಅಜ್ಜನದು ಎಂದು ನಾನು ಒಂದೊಂದನ್ನೂ ಬಾಳೆಲೆಯ ಮೇಲೆ ಇಟ್ಟು ಕೈಮುಗಿದೆ. ಮಡಕೆಯವಳು ದೊಣೆಯಿಂದ ನೀರು ತಂದು ಹೊಯ್ದಳು. ಬೇರೆ ಯಾರೂ ಹತ್ತಿರ ಬರಲಿಲ್ಲ. ದೂರದಲ್ಲಿ ಒಂದು ಸಾಲು ಕಣ್ಣು.

ಬೂದಿನೀರಿನಲ್ಲಿ ಆಡಿ ಆಡಿ ನನ್ನ ಕೈ ಒಣಗಿ ಸೌದೆಯಾಯಿತು.

ಒತ್ತುವ ದಿನ ಬಂತು. ನಡುಹಗಲು. ದಿಡ್ಡಿಯ ಮೇಲೆ ಕೆಮ್ಮಣ್ಣು ಹಸಿಯಾಗಿ ಹೊಳೆಯುತ್ತಿತ್ತು. ಬೀಗದ ಯಜಮಾನ ಮೊದಲು ಒತ್ತಿದ. ಹೂವಿನವಳು ಒತ್ತಿದಳು. ಬುಟ್ಟಿಯವನು ಒತ್ತಿದ. ಮನೆಗಳೆಲ್ಲ ಒತ್ತಿದವು. ಮಡಕೆಯವಳು ಅಂಗೈಯನ್ನು ಪೂರಾ ಇಳಿಸಿ, ಮಡಕೆಯ ಒಳಮೈ ಸವರುವವಳ ಹಾಗೆ ನಿಧಾನವಾಗಿ ಒತ್ತಿ ತೆಗೆದಳು. ಕೊನೆಗೆ ನಾನು. ಕೈ ತೆಗೆಯುವಾಗ ಮಣ್ಣು ನನ್ನನ್ನು ಹಿಡಿದುಕೊಂಡಿತು. ಹಿಂದೆಂದೂ ಅದು ನನ್ನನ್ನು ಹಿಡಿದುಕೊಂಡಿರಲಿಲ್ಲ.

ಇಳಿಹೊತ್ತಿಗೆ ನೋಡಿದರೆ ಎರಡು ಕೈ ಬಿರಿದಿದ್ದವು. ಒಂದು ಮಡಕೆಯವಳದು. ಇನ್ನೊಂದು ನನ್ನದು.

ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ ಎಂದು ಒಳಗೇ ಕೂಗಿದೆ. ಆಮೇಲೆ ನನ್ನ ಅಂಗೈ ನೋಡಿದೆ. ಆ ಬಿರಿದ ಗುರುತನ್ನು ನೋಡಿದೆ. ಅರ್ಥವಾಗತೊಡಗಿತು. ಪಕ್ಕದಲ್ಲಿ ಮಡಕೆಯವಳು ನಿಂತಿದ್ದಳು. ಮೆಲ್ಲಗೆ ಕೇಳಿದೆ, “ಅಮ್ಮಾ, ಮಣ್ಣು ಯಾಕೆ ಬಿರಿಯುತ್ತೆ?”

“ಒಣಗಿದ ಕೈ ಮಣ್ಣಿನ ಚರ್ಮ ಹಿಡಿದು ಎಳೆಯುತ್ತೆ ಅಯ್ಯ. ಎಣ್ಣೆ ಹಚ್ಚಿದ ಕೈಗೆ ಮಣ್ಣು ಅಂಟಲ್ಲ, ಅದಕ್ಕೇ ಬಿರಿಯಲ್ಲ. ಅಚ್ಚಿಗೆ ಎಣ್ಣೆ ಸವರಿ ತೆಗೆಯೋದು ನಮ್ಮ ಕಸುಬಿನ ಮೊದಲ ಪಾಠ.”

“ಹಾಗಾದರೆ ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ಒಂದು ತೊಟ್ಟು ಹಚ್ಚಿಕೊಂಡಿದ್ದರೆ ಇವತ್ತು ಬುಟ್ಟಿ...”

“ಮಣ್ಣಿನ ಜೊತೆ ದಿನಾ ಇರೋಳು ನಾನು. ಅದರ ಮುಂದೆ ಸುಳ್ಳು ಒತ್ತಿ, ನಾಳೆ ಬೆಳಗ್ಗೆ ಚಕ್ರದ ಮುಂದೆ ಹ್ಯಾಗೆ ಕೂರಲಿ?”

ಅತ್ತೆ ಹಿಂದಿನಿಂದ ಅಂದಳು, “ಅಷ್ಟು ದೊಡ್ಡ ಮಾತೆಲ್ಲ ಯಾಕೆ. ಒಗ್ಗರಣೆಗೇ ಎಣ್ಣೆ ಇಲ್ಲ, ಅಂಗೈಗೆ ಎಲ್ಲಿಂದ ತರೋಣ?”

ನಾನು ಊರಿನ ಕಡೆ ತಿರುಗಿ ಹೇಳಿಬಿಟ್ಟೆ. ಇಷ್ಟು ವರ್ಷ ನನ್ನ ಕೈ ಉಳಿದದ್ದು ಸೇವೆಯಿಂದಲ್ಲ, ಸೇವೆಯ ಎಣ್ಣೆಯಿಂದ ಎಂದೆ. ಮೂರು ದಿನ ಎಣ್ಣೆ ಮುಟ್ಟದಿದ್ದಕ್ಕೆ ಇವತ್ತು ಬಿರಿದಿದೆ ಎಂದೆ. ಆಗ ಒಂದು ವಿಚಿತ್ರ ಕಂಡೆ. ಬೀಗದ ಯಜಮಾನ ಬಲಗೈಯನ್ನು ಮೆಲ್ಲಗೆ ಪಂಚೆಗೆ ಒರೆಸಿಕೊಂಡ. ಹೂವಿನವಳು ಸೆರಗಿಗೆ ಒರೆಸಿಕೊಂಡಳು. ಬುಟ್ಟಿಯವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಊರಿಗೆ ಊರೇ ಬಲಗೈ ಒರೆಸಿಕೊಳ್ಳುತ್ತಿತ್ತು. ಗಾಳಿಯಲ್ಲಿ ತುಪ್ಪ, ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಹೊಂಗೆ ಎಣ್ಣೆ ಎಲ್ಲದರ ವಾಸನೆ. ಪ್ರತಿಯೊಬ್ಬರೂ ನಾನೊಬ್ಬನೇ ಹಚ್ಚಿಕೊಂಡು ಬರುತ್ತಿದ್ದೇನೆ ಎಂದುಕೊಂಡಿದ್ದರು. ಪ್ರತಿಯೊಬ್ಬರೂ, ಉಳಿದವರೆಲ್ಲ ಸತ್ಯವಂತರು, ಕಳ್ಳ ನಾನೊಬ್ಬನೇ, ಆ ತೆರೆದವನು ನನ್ನ ಮನೆಯವನೇ ಇರಬೇಕು ಎಂದು ಹೆದರಿ ಬಾಳಿದ್ದರು.

“ಎಣ್ಣೆಯಯ್ಯನ ಕೈ ಬಿರಿದಿದೆ, ಅದಕ್ಕೆ ಕಥೆ ಕಟ್ತಿದಾನೆ” ಎಂದ ಬೀಗದ ಯಜಮಾನ. “ಓದಲಿ ಕಲ್ಲನ್ನು. ಹೆಸರು ಬರಲಿ.”

ಅಚ್ಚಿನವಳು ಆ ಹೊತ್ತಿಗೆ ಕಾಗದ ಬಡಿದು, ಮಸಿ ತಟ್ಟಿ, ಒಣಗಿಸಿ ಮುಗಿಸಿದ್ದಳು. ದೊಣೆಯ ಮೇಲಿನ ಅತ್ತಿಮರದ ಕೊಂಬೆಗೆ ಅಚ್ಚನ್ನು ತೂಗುಹಾಕಿದಳು, ಕಲ್ಲು ನಿಂತಿದ್ದ ಹಾಗೆಯೇ. ಕಪ್ಪು ಕಾಗದದ ಮೇಲೆ ಬಿಳಿಯ ಮನುಷ್ಯ ತಲೆಕೆಳಗಾಗಿ ನೇತಾಡಿದ. ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ಕಾಗದವನ್ನು ಕೊಂಬೆಯಿಂದ ಬಿಡಿಸಿ, ಮೇಲಿದ್ದದ್ದನ್ನು ಕೆಳಗೆ ಮಾಡಿ, ಮತ್ತೆ ತೂಗುಹಾಕಿದಳು.

ಮನುಷ್ಯ ನೆಟ್ಟಗೆ ನಿಂತ. ಕಾಲು ನೆಲದ ಮೇಲೆ. ಕೈ ತೆರೆದ ಬಾಗಿಲಿನ ಮೇಲೆ. ಬಾಗಿಲಾಚೆ ಚಿಕ್ಕ ಚಿಕ್ಕ ಮನುಷ್ಯರು, ಬೊಗಸೆ ಒಡ್ಡಿದವರು.

“ಅಯ್ಯ,” ಎಂದಳು ನನಗೆ, “ನಿಮ್ಮ ಕಲ್ಲು ತಲೆಯ ಮೇಲೆ ನಿಂತಿದೆ.”

“ಅಂದರೆ?”

“ಯಾವಾಗಲೋ ಬಿದ್ದಿರಬೇಕು. ಎತ್ತಿ ನೆಟ್ಟವರಿಗೆ ಓದು ಬರುತ್ತಿರಲಿಲ್ಲ. ಯಾವುದು ಮೇಲೆ ಯಾವುದು ಕೆಳಗೆ ಅಂತ ತಿಳಿಯದೆ ನೆಟ್ಟುಬಿಟ್ಟಿದ್ದಾರೆ. ಇದು ದ್ರೋಹಿಯ ಕಲ್ಲಲ್ಲ. ವೀರಗಲ್ಲು. ಇಂಥ ಕಲ್ಲಿನ ತುದಿಯಲ್ಲಿ ಸೂರ್ಯ ಚಂದ್ರ ಇರಬೇಕು, ಸತ್ತವನು ಸ್ವರ್ಗದಲ್ಲಿ ಕೂತಿರಬೇಕು. ಅದು ಮಣ್ಣಿನಡಿ ಹೋಗಿದೆ. ಅಗೆದು ನೋಡಿ.”

ಮಡಕೆಯವಳು ಮಣ್ಣು ತೆಗೆಯುವ ಸನಿಕೆ ತಂದಳು. ಮೊಣಕಾಲುದ್ದ ಅಗೆದೆವು. ಮೊದಲು ಒಬ್ಬ ಕೂತ ಮನುಷ್ಯ. ಅವನ ಎರಡು ಮಗ್ಗುಲಲ್ಲಿ ಚಾಮರ ಹಿಡಿದ ಇಬ್ಬರು ಹೆಂಗಸರು. ಅದರ ಕೆಳಗೆ, ಎರೆಹುಳುಗಳ ನಡುವೆ, ಒಂದು ಸೂರ್ಯ, ಒಂದು ಚಂದ್ರ. ನಾವು ಸ್ವರ್ಗವನ್ನು ಹೂತು ಅದರ ಮೇಲೆ ಎಣ್ಣೆ ಹೊಯ್ಯುತ್ತಿದ್ದೆವು. ನನಗೆ ಅಳು ಬಂತು. ನಾಚಿಕೆಯೂ ಬಂತು.

ಅವಳು ಓದಿದಳು. ಹಳೆಯ ನುಡಿಯಲ್ಲಿತ್ತು: “...ಬಾಯಾಱಿ ಬಂದವರ್ಗೆ ದಿಡ್ಡಿಯಂ ತೆಱೆದು ನೀರೆಱೆದಂ. ಮುಚ್ಚಲ್ಬಂದವರಂ ತಡೆದು ಕದಮಂ ಪಿಡಿದು ನಿಂದು ಸತ್ತು ಸ್ವರ್ಗಸ್ಥನಾದಂ. ಈ ದಿಡ್ಡಿಯಂ ಮುಚ್ಚಿದಂ ವಾರಣಾಸಿಯೊಳ್ ಸಾಸಿರ ಕವಿಲೆಯಂ ಕೊಂದ ಪಾಪಕ್ಕೆ ಪೋಪಂ.” ಆಮೇಲೆ ನಮ್ಮ ಮಾತಿನಲ್ಲಿ ಬಿಡಿಸಿದಳು. ಬಾಯಾರಿ ಬಂದವರಿಗೆ ಈ ಪುಟ್ಟ ಬಾಗಿಲು ತೆರೆದು ನೀರು ಕೊಟ್ಟ. ಮುಚ್ಚಲು ಬಂದವರನ್ನು ತಡೆದು, ಕದ ಹಿಡಿದು ನಿಂತು ಸತ್ತ. ಈ ಬಾಗಿಲು ಮುಚ್ಚಿದವನಿಗೆ ಕಾಶಿಯಲ್ಲಿ ಸಾವಿರ ಹಸು ಕೊಂದ ಪಾಪ.

“ಕೋಟೆ ಬಿದ್ದದ್ದು?” ಎಂದ ಬೀಗದ ಯಜಮಾನ.

“ಕೋಟೆಯ ಮಾತು ಇದರಲ್ಲಿ ಇಲ್ಲ. ನಾನು ಮೂರು ದಿನ ನಿಮ್ಮ ಗೋಡೆ ಸುತ್ತಿದೆ. ಒಂದು ಕಡೆಯೂ ಒಡೆದು ಕಟ್ಟಿದ ಗುರುತಿಲ್ಲ. ಈ ಕೋಟೆ ಯಾವತ್ತೂ ಬಿದ್ದ ಹಾಗಿಲ್ಲ, ಯಜಮಾನರೇ.”

“ಅವನ ಹೆಸರು?”

ಅವಳು ಕಾಗದದ ಎದೆಯ ಹತ್ತಿರ ಬೆರಳಿಟ್ಟಳು. ಅಲ್ಲಿ ಅಂಗೈ ಅಗಲದ ಒಂದು ಜಾಗ ಬರೀ ಕಪ್ಪಾಗಿತ್ತು, ಒಂದು ಬಿಳಿ ಗೆರೆಯೂ ಇಲ್ಲದೆ. “ಹೆಸರು ಇಲ್ಲಿ ಇದ್ದದ್ದು. ಸವೆದುಹೋಗಿದೆ. ಮಳೆಗೆ ಸವೆದದ್ದಲ್ಲ. ಮಳೆ ಹೀಗೆ ಒಂದೇ ಜಾಗ ಹುಡುಕಿಕೊಂಡು ಬೀಳಲ್ಲ.” ಆಮೇಲೆ ನನ್ನ ಕಡೆ ನೋಡಿದಳು, ನೋಡಿ ಕಣ್ಣು ತಗ್ಗಿಸಿದಳು. “ಯಾರೋ ದಿನಾ ಅಲ್ಲೇ ಕೈಯಿಟ್ಟು ತಿಕ್ಕಿದ್ದಾರೆ.”

ಒಂದು ಅಂಗೈ ಹೋದವರಿಗೆ. ಒಂದು ಅಂಗೈ ಇರುವವರಿಗೆ. ಒಂದು ಅಂಗೈ ಬರುವವರಿಗೆ.

ಊರು ಮಾತಾಡಿತು. ಕಾಗದ ಕಲ್ಲಲ್ಲ ಎಂದಿತು. ಬಿಳಿಯದು ಅಕ್ಷರ ಎಂದು ಹೇಳಿದವಳು ಇವಳೇ, ಕಪ್ಪನ್ನೇ ಓದಬೇಕೋ ಏನೋ ಎಂದಿತು. ತೊಳೆದವನು ಯಾರು, ಏನನ್ನು ತೊಳೆದ, ಯಾವ ಹೆಸರನ್ನು ತೊಳೆದ ಎಂದಿತು. ಸೂರ್ಯ ಚಂದ್ರರನ್ನು ಕಳೆದ ವಾರ ಯಾರೋ ಹೂತಿಟ್ಟಿದ್ದರೆ ಎಂದಿತು. ಹೂವಿನವಳು ಅಂದಳು, “ಮಡಕೆಯವಳು ಸಂಜೆ ಸಂಜೆ ಈ ಕಡೆ ಮಣ್ಣಿಗೆ ಬರ್ತಿದ್ದಳು, ನಾನೇನೂ ಅನ್ನಲಿಲ್ಲಪ್ಪ.”

ಬೀಗದ ಯಜಮಾನ ತೀರ್ಮಾನ ಹೇಳಿದ. “ಎಣ್ಣೆಯಯ್ಯನ ಮನೆಯ ಕದ ಕಳಚಿ. ಇವಳದು ಮೂರನೆಯ ಸಲ. ನಾಳೆ ಬೆಳಗ್ಗೆ ಬುಟ್ಟಿ.”

ಬೆಳಗಾಯಿತು. ಅಚ್ಚಿನವಳು ಇನ್ನೂ ಇದ್ದಳು; ಅವಳನ್ನು ಹೋಗಬಿಟ್ಟರೆ ಯಾರಿಗೆ ಏನು ಹೇಳಿಯಾಳೋ ಎಂದು ಕಾವಲಿಟ್ಟಿದ್ದರು. ನಾನು ಮಿಂದೆ. ಎಣ್ಣೆಯ ಬಟ್ಟಲು ಕೈಗೆತ್ತಿಕೊಂಡು ಕೆಳಗಿಟ್ಟೆ. ಸ್ವಾಮಿ, ನಾನು ಉದ್ದಕ್ಕೂ ನಿನ್ನನ್ನು ಸೇವಿಸಿದೆ ಎಂದುಕೊಂಡು ಒಬ್ಬ ಒಳ್ಳೆಯವನ ಹೆಸರು ಅಳಿಸಿದೆ. ಈ ಕೈಗೆ ಇನ್ನೇನು ಕೆಲಸ ಹೇಳುತ್ತೀ ಎಂದು ಕೇಳಿದೆ. ನಿನ್ನೆ ಅಗೆದ ಸನಿಕೆ ಕಲ್ಲಿಗೆ ಒರಗಿ ನಿಂತಿತ್ತು. ಕೆಲವು ಸಲ ಅವನು ಹೀಗೇ ಮಾತಾಡುತ್ತಾನೆ.

ಗೋಡೆಯ ಬಳಿ ಬುಟ್ಟಿ ಬಂದಿತ್ತು. ಹುಲ್ಲು ತುಂಬುವುದಕ್ಕೆ ಹೆಣೆದ ಬುಟ್ಟಿ. ಮಡಕೆಯವಳು ಒಂದು ಗಂಟು ಹಿಡಿದು ನಿಂತಿದ್ದಳು. ಅತ್ತೆ ಬುಟ್ಟಿಯ ಹೆಣಿಗೆ ಎಳೆದು ನೋಡುತ್ತಿದ್ದಳು. “ಇಷ್ಟು ಸಡಿಲ ಹೆಣೆದಿದೀಯಲ್ಲೋ. ಕೊನೆಯ ಸವಾರಿ ಅಂತ ಕೂಲಿ ಉಳಿಸಿದೆಯಾ?”

ನಾನು ಸನಿಕೆ ತಗೊಂಡು ದಿಡ್ಡಿಗೆ ಹೋದೆ. ನಿನ್ನೆಯ ಕೈಗುರುತುಗಳ ಮೇಲೆ ಮೊದಲ ಏಟು ಹಾಕಿದೆ. ಮಣ್ಣು ಹೆಕ್ಕಳಿಕೆಯಾಗಿ, ಚಕ್ಕೆ ಚಕ್ಕೆಯಾಗಿ ಎದ್ದು ಬಿತ್ತು. ಈ ವರ್ಷದ ಕೈಗಳು, ಅದರಡಿ ಹೋದ ವರ್ಷದವು, ಅದರಡಿ ಅಪ್ಪನ ಕಾಲದವು. ನೂರಾರು ನಯವಾದ ಕೈಗಳು. ನಡುನಡುವೆ ಒಂದೊಂದು ಬಿರಿದ ಕೈ.

ಊರೆಲ್ಲ ಓಡಿಬಂತು. ಐದು ಹೆಜ್ಜೆ ದೂರದಲ್ಲಿ ಎಲ್ಲರೂ ನಿಂತುಬಿಟ್ಟರು.

“ಹಿಡೀರಿ ಅವನನ್ನು” ಎಂದ ಬೀಗದ ಯಜಮಾನ.

“ನೀವೇ ದೊಡ್ಡವರು, ನೀವೇ ಹಿಡೀರಿ” ಎಂದ ಬುಟ್ಟಿಯವನು.

ಯಾರೂ ಹಿಡಿಯಲಿಲ್ಲ. ತಡೆಯಬೇಕಾದರೆ ಮುಟ್ಟಬೇಕು. ಬಾಗಿಲು ಮುಟ್ಟಿದವನೇ ತೆರೆದವನು, ಅವನನ್ನು ಮುಟ್ಟಿದವನೂ ತೆರೆದವನೇ. ಒಬ್ಬರ ಕೈಯನ್ನು ಒಬ್ಬರು ನೋಡುತ್ತ, ಯಾರದು ಮೊದಲು ಮುಂದೆ ಬರುತ್ತದೆ ಎಂದು ಕಾಯುತ್ತ, ಎಲ್ಲರೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡರು. ನಾನು ಅಗೆಯುತ್ತಲೇ ಹೋದೆ.

ಮರ ಕಂಡಿತು. ಪೂರ್ತಿ ಕಂಡಿತು. ಬೀಗದ ಯಜಮಾನ ಕೊರಳು ಚಾಚಿ ನೋಡಿದ. ಬೀಗವಿರಲಿಲ್ಲ. ಅಗುಳಿಯಿರಲಿಲ್ಲ. ಚಿಲಕದ ತೂತು ಕೂಡ ಇರಲಿಲ್ಲ. ಮುಚ್ಚಿಟ್ಟುಕೊಳ್ಳಲೆಂದು ಮಾಡಿದ ಬಾಗಿಲೇ ಅದಲ್ಲ. ಅವನು ಸೊಂಟದ ಕಬ್ಬಿಣವನ್ನು ಒಂದು ಸಲ ಮುಟ್ಟಿ ನೋಡಿಕೊಂಡ, ಇನ್ನೂ ಇದೆಯೋ ಎಂಬಂತೆ. ನಾನು ತಳ್ಳಿದೆ. ಗಾಳಿ ಬಂತು. ಆಚೆ ಯಾರೂ ಇರಲಿಲ್ಲ. ಒಂದು ಕಾಲುದಾರಿ ಮಾತ್ರ ಲಂಟಾನದ ನಡುವೆ ಕೆಳಗಿಳಿದಿತ್ತು.

“ಇವರು ಊರಾಚೆ ಹೋಗಬೇಕು ಅಂತ ತಾನೆ ನಿಯಮ?” ಎಂದೆ. “ದಿಡ್ಡಿ ಮುಚ್ಚಿತ್ತು ಅಂತ ಬುಟ್ಟಿ. ಈಗ ನಡೆದೇ ಹೋಗಲಿ.”

ಮಡಕೆಯವಳು ಅತ್ತೆಯ ಕೈ ಹಿಡಿದಳು. ಇಬ್ಬರೂ ತಲೆ ಬಗ್ಗಿಸಿ ದಾಟಿದರು. ಮುದುಕಿ ಆಚೆ ನಿಂತು ಅತ್ತ ಇತ್ತ ನೋಡಿ, ಸೊಂಟ ಹಿಡಿದುಕೊಂಡು, ಹಾಗೇ ತಿರುಗಿ ಮತ್ತೆ ಒಳಗೆ ಬಂದಳು.

“ಅಜ್ಜಿ!” ಎಂದಳು ಹೂವಿನವಳು.

“ಏನೇ? ಹೊರಗೆ ಹಾಕಬೇಕು ಅಂತ ನಿಯಮ ಇತ್ತು, ಹಾಕಿಸಿಕೊಂಡೆವು. ಒಳಗೆ ಬರಬಾರದು ಅಂತ ಎಲ್ಲಿದೆ, ತೋರಿಸು.”

ಎಲ್ಲರೂ ಬೀಗದ ಯಜಮಾನನ ಮುಖ ನೋಡಿದರು. ಅಂಥ ಮಾತು ನಿಜವಾಗಿಯೂ ಎಲ್ಲೂ ಇರಲಿಲ್ಲ. ಹೋದವರಲ್ಲಿ ಯಾರೂ ತಿರುಗಿ ಬಾರದಿದ್ದುದರಿಂದ ಅದರ ಅಗತ್ಯವೇ ಬಿದ್ದಿರಲಿಲ್ಲ. ಮಡಕೆಯವಳೂ ಅತ್ತೆಯ ಹಿಂದೆಯೇ ಒಳಗೆ ಬಂದು, ಗಂಟು ಹೊತ್ತು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಚಕ್ರದ ಸದ್ದು ಕೇಳಿಸಿತು. ಅಚ್ಚಿನವಳು ತನ್ನ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು, ನನಗೆ ಕೈಮುಗಿದು, ಅದೇ ದಿಡ್ಡಿಯಿಂದ ಇಳಿದುಹೋದಳು. ಅವಳನ್ನೂ ಯಾರೂ ತಡೆಯಲಿಲ್ಲ.

ಮೂರು ದಿನ ಊರು ದಿಡ್ಡಿಯ ಎದುರು ದೊಣ್ಣೆ ಹಿಡಿದು ಕೂತಿತು, ಹಗೆಗಳು ಬರುತ್ತಾರೆಂದು. ಯಾರೂ ಬರಲಿಲ್ಲ. ನಾಲ್ಕನೆಯ ದಿನ ನಡುಹಗಲಿಗೆ ಒಬ್ಬ ಉಪ್ಪಿನವನು ಕತ್ತೆಯ ಜೊತೆ ಹತ್ತಿಬಂದು, ತಲೆ ಬಗ್ಗಿಸಿ ಒಳಗೆ ನೋಡಿದ. ತುಟಿ ಒಡೆದಿತ್ತು. “ನೀರಿದೆಯಾ?” ಎಂದ.

ದೊಣ್ಣೆ ಹಿಡಿದವರು ಒಬ್ಬರನ್ನೊಬ್ಬರು ನೋಡಿದರು. ಯಾರು, ಯಾರ ಕಡೆಯವನು, ಯಾಕೆ ಬಂದೆ ಎಂಬುದು ಎಲ್ಲರ ನಾಲಗೆಯ ತುದಿಯಲ್ಲಿತ್ತು. ಮುದುಕಿ ಎದ್ದು, ಹೊಸ ಮಡಕೆಯಲ್ಲಿ ದೊಣೆಯ ನೀರು ಮೊಗೆದು, ಅವನ ಬೊಗಸೆಗೆ ಹೊಯ್ದಳು. “ಕುಡಿ ಮೊದಲು. ಇವರಿಗೆ ಕೇಳೋದಿದೆ, ಆಮೇಲೆ ಕೇಳ್ತಾರೆ.”

ಕುಡಿದು, ಕತ್ತೆಗೂ ಕುಡಿಸಿ, ಬಾಯಿ ಒರೆಸಿಕೊಂಡು ಅವನು ಅಂದ, “ಈ ಬೆಟ್ಟದಲ್ಲಿ ಪ್ರಶ್ನೆ ಕೇಳದ ಒಂದು ಬಾಗಿಲು ಇತ್ತು ಅಂತ ನಮ್ಮ ಕಡೆ ಹೆಂಗಸರು ಬೀಸುವಾಗ ಹಾಡ್ತಾರೆ. ಸುಳ್ಳು ಅಂದುಕೊಂಡಿದ್ದೆ.”

ನಾನು ಎದ್ದು ನಿಂತೆ. “ಆ ಹಾಡಿನಲ್ಲಿ ತೆರೆದವನ ಹೆಸರು ಬರುತ್ತಾ, ಅಣ್ಣಾ?”

“ಹೆಸರಿಲ್ಲ ಸ್ವಾ‌ಮಿ. ‘ಒಳಗಿನವನು’ ಅಂತ ಬರುತ್ತೆ ಅಷ್ಟೇ.”

ನಾವು ಅವನನ್ನು ಬೈಯುತ್ತಿದ್ದುದೂ ಅದೇ ಮಾತಿನಲ್ಲಿ.

ಉಪ್ಪಿನವನು ಹೋದ ಮೇಲೆ, ಅವನನ್ನು ನಾನೇ ಹೇಳಿ ಕರೆಸಿದ್ದು ಎಂದು ಊರಲ್ಲಿ ಮಾತಾಯಿತು. ಆಗಲಿ. ಊರು ಈಗ ಮೊದಲಿಗಿಂತ ಹಗುರವಾಗಿದೆ. ತೆರೆದವನು ಯಾರೆಂದು, ಅಂದರೆ ನಾನೆಂದು, ಎಲ್ಲರಿಗೂ ಗೊತ್ತಾಗಿರುವುದರಿಂದ ಒಬ್ಬರನ್ನೊಬ್ಬರು ನೋಡುವ ಕಣ್ಣು ತುಸು ಮೆತ್ತಗಾಗಿದೆ, ಹೂವಿನವಳು ದಿನಕ್ಕೆ ಒಂದೇ ಸಲ ಬರುತ್ತಾಳೆ. ನನ್ನ ಮನೆಗೆ ಕದವಿಲ್ಲ. ಗಾಳಿ ಚೆನ್ನಾಗಿ ಬರುತ್ತದೆ. ಇಣುಕಿದವರನ್ನು ಮಾತಾಡಿಸುವುದನ್ನು ಮುದುಕಿಯಿಂದ ಕಲಿಯುತ್ತಿದ್ದೇನೆ.

ಬೆಳಗ್ಗೆ ಮಿಂದು, ಎಣ್ಣೆಯಲ್ಲ, ದೊಣೆಯ ನೀರು ಮೂರು ಬೊಗಸೆ ಕಲ್ಲಿಗೆ ಹಾಕುತ್ತೇನೆ. ತಿಕ್ಕುವುದಿಲ್ಲ. ಹೆಸರಿದ್ದ ಆ ಜಾಗವನ್ನು ಮುಟ್ಟುವುದಿಲ್ಲ. ಅವನ ಹೆಸರು ಬಲ್ಲವನು ಒಬ್ಬನಿದ್ದಾನೆ, ನನಗೆ ಅಷ್ಟು ಸಾಕು. ಕಲ್ಲನ್ನು ಎತ್ತಿ ನೆಟ್ಟಗೆ ನಿಲ್ಲಿಸಲು ನಾಲ್ಕು ಜನ ಬೇಕು. ಸದ್ಯಕ್ಕೆ ಮೂವರಿದ್ದೇವೆ: ನಾನು, ಮಡಕೆಯವಳು, ಮುದುಕಿ. ಬುಟ್ಟಿಯವನು ಯಾರೂ ಇಲ್ಲದ ಹೊತ್ತಿನಲ್ಲಿ ಬಂದು ಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ಎಷ್ಟು ಭಾರವಿದ್ದೀತು ಎಂದು ತನ್ನಷ್ಟಕ್ಕೇ ಅಂದುಕೊಂಡು ಹೋಗುತ್ತಾನೆ.

ನಾನು ಹೋದ ಮೇಲೆ ದಿಡ್ಡಿಯ ಇನ್ನೊಂದು ಮಗ್ಗುಲಿಗೆ ನನಗೂ ಒಂದು ಕಲ್ಲು ಹಾಕಿಸುತ್ತಾರಂತೆ. ಬೀಗದ ಯಜಮಾನನ ಅಂಗಳದಲ್ಲಿ ಕಲ್ಲು ಬಂದು ಬಿದ್ದಿದೆ, ಕೆತ್ತುವವನೂ ಸಿಕ್ಕಿದ್ದಾನೆ. ಯಾವ ಕಡೆ ಮೇಲೆ ಮಾಡಿ ನೆಡಬೇಕು ಎಂಬುದೊಂದು ಇನ್ನೂ ತೀರ್ಮಾನವಾಗಿಲ್ಲ.